ಹಡಗಿನ ರಾತ್ರಿಯೂಟಕ್ಕೆ ಕುಪ್ಯ ನಡೆಯುತ್ತಾ?

ಪ್ರಶ್ನೆ: ಅಕ್ಕಾ, ಮಗಳು ನಮ್ಮಿಬ್ಬರಿಗೂ 7 ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾಳೆ. ಎರಡು ರಾತ್ರಿ ‘ಫಾರ್ಮಲ್’ ಅಂತೆ. ಇವರ ಹತ್ತಿರ ಸೂಟ್ ಇಲ್ಲ. ಹೊಲಿಸಬೇಕಾ?
- ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಸುಮ್ನೆ ದುಡ್ಡು ಸುರಿಯಬೇಡಿ. ಬೀರುವಿನಲ್ಲಿ ಕುಪ್ಯ, ಅದೇ ನಮ್ಮ ಕೊಡವ ಗಂಡಸರ ಸಾಂಪ್ರದಾಯಿಕ ಕೋಟು, ಇದೆ ಅಲ್ವಾ? ಮೊಣಕಾಲುದ್ದದ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ. ಇದರ ಮುಂದೆ ಯಾವ ಸೂಟು? ಅವರವರ ನಾಡಿನ ಉಡುಪನ್ನು ಬಹಳಷ್ಟು ಹಡಗುಗಳು ಒಪ್ಪುತ್ತವೆ. ಟಿಕೆಟ್ ಜೊತೆ ಬಂದ ಸೂಚನೆ ಒಮ್ಮೆ ಓದಿಕೊಳ್ಳಿ. ಆದರೆ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿ ಮನೆಯಲ್ಲೇ ಇರಲಿ ಮಾರಾಯ್ರೆ! ಹತ್ತುವಾಗ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಬೆಳ್ಳಿಯ ಒರೆಯಲ್ಲಿದ್ದರೂ ಕತ್ತಿ ಕತ್ತಿಯೇ.

ನೀವು ರೇಷ್ಮೆ ಸೀರೆಯನ್ನು ನಮ್ಮ ಕ್ರಮದಲ್ಲೇ ಉಡಿ. ನೆರಿಗೆ ಹಿಂದೆ, ಸೆರಗು ಬಲ ಭುಜದ ಮೇಲೆ ತಂದು ಪಿನ್. ನಾನು ಹೋದಾಗ ಡೆಕ್ ಗಾಳಿಗೆ ಪಕ್ಕದವರ ಸೆರಗು ಬಾವುಟದ ಹಾಗೆ ಹಾರುತ್ತಿತ್ತು, ನನ್ನದು ಅಲುಗಲಿಲ್ಲ. ಊಟದ ಹಾಲ್‌ನಲ್ಲಿ ಮಾತ್ರ ಎಸಿ ಜಾಸ್ತಿ, ಮಡಿಕೇರಿಯ ಜುಲೈ ಚಳಿಯೇ. ಶಾಲು ಇಟ್ಟುಕೊಳ್ಳಿ.

ಉಳಿದ ರಾತ್ರಿ ನಿಮ್ಮವರಿಗೆ ಕಾಲರ್ ಶರ್ಟು, ಪ್ಯಾಂಟು ಸಾಕು. ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬೆಂಕಿಯ ಭಯಕ್ಕೆ ತೆಗೆದಿಟ್ಟುಬಿಡುತ್ತಾರೆ. ಅಷ್ಟಕ್ಕೂ ಫಾರ್ಮಲ್ ರಾತ್ರಿ ಕುಪ್ಯ ಹಾಕಲ್ಲ ಅಂತ ನಿಮ್ಮವರು ಹಟ ಹಿಡಿದರೆ ಬಫೆಗೆ ಹೋಗಿ. ಅಲ್ಲಿ ಯಾರೂ ಸೂಟು ಕೇಳುವುದಿಲ್ಲ.