ಕ್ಲೋಸ್ಡ್ ಬಾಡಿ ಗಾಡಿಗೆ ಎಲ್‌ಇಡಿ: ಲೈಟ್ ಆಮೇಲೆ, ಮೊದಲು ವೋಲ್ಟೇಜ್ ನೋಡಿ

ಪ್ರಶ್ನೆ: ನಮ್ಮದು ಹಾಸನದ ಹತ್ತಿರ ಮದುವೆ, ಗೃಹಪ್ರವೇಶದ ಅಡುಗೆ ಕಾಂಟ್ರಾಕ್ಟ್. ಪಾತ್ರೆ, ಒಲೆ, ಸಿಲಿಂಡರ್ ಸಾಗಿಸಲು ಪಿಕಪ್ ಗಾಡಿಗೆ ಹತ್ತು ಅಡಿ ಉದ್ದ, ಆರು ಅಡಿ ಅಗಲದ ಕ್ಲೋಸ್ಡ್ ಬಾಡಿ ಕಟ್ಟಿಸಿದ್ದೇವೆ. ರಾತ್ರಿ ಪಾತ್ರೆ ತುಂಬುವಾಗ ಒಳಗೆ ಏನೂ ಕಾಣುವುದಿಲ್ಲ. 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿದೆವು. ಕೆಲವೇ ತಿಂಗಳಲ್ಲಿ ಅಲ್ಲಲ್ಲಿ ಮೂರು ಮೂರು ಲೈಟು ಆರಿಹೋದವು. ಒಳ್ಳೆ ಕಂಪನಿಯ ಸ್ಟ್ರಿಪ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಮೂರು ಮೂರಾಗಿ ಆರಿದವು ಎಂದು ಬರೆದಿದ್ದೀರಲ್ಲ, ಕಾರಣ ಅಲ್ಲೇ ಇದೆ. ಆ ಸ್ಟ್ರಿಪ್ಪನ್ನು ಬಿಚ್ಚಿ ಹತ್ತಿರ ಹಿಡಿದು ನೋಡಿ. ಮೂರು ಎಲ್‌ಇಡಿ ಸಾಲಾಗಿರುತ್ತವೆ. ಪಕ್ಕದಲ್ಲೇ 151 ಅಥವಾ ಅಂಥದ್ದೇ ಅಂಕಿ ಬರೆದ ಒಂದು ಚಿಕ್ಕ ಕಪ್ಪು ತುಂಡು ಇರುತ್ತದೆ. ಆಮೇಲೆ ಕತ್ತರಿ ಗುರುತು. ಮತ್ತೆ ಮೂರು ಎಲ್‌ಇಡಿ. ಆ ಕಪ್ಪು ತುಂಡೇ ರೆಸಿಸ್ಟರ್. ಒಂದೊಂದು ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9 ವೋಲ್ಟ್, ಇಲ್ಲವೇ ಸ್ವಲ್ಪ ಜಾಸ್ತಿ. ಮಿಕ್ಕಿದ್ದನ್ನು ರೆಸಿಸ್ಟರ್ ಹೊರಬೇಕು.

12 ವೋಲ್ಟ್ ಬ್ಯಾಟರಿ ಎಂದು ನಾವು ಹೇಳುತ್ತೇವೆ, ನಿಜ. ಆದರೆ ಗಾಡಿ ನಿಂತಿರುವಾಗ ತುಂಬಿದ ಬ್ಯಾಟರಿಯಲ್ಲಿ 12.6 ವೋಲ್ಟ್ ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14 ವೋಲ್ಟ್ ಮೇಲಕ್ಕೆ, 14.4ರವರೆಗೂ ಒಯ್ಯುತ್ತದೆ. ಮನೆಯ ಅಡಾಪ್ಟರಿನ ಸರಿಯಾದ 12 ವೋಲ್ಟ್‌ಗೆ ಲೆಕ್ಕ ಹಾಕಿ ಮಾಡಿದ ಸ್ಟ್ರಿಪ್ಪಿನಲ್ಲಿ ಆ ರೆಸಿಸ್ಟರ್ ಮೇಲೆ 3 ವೋಲ್ಟ್‌ಗಿಂತ ಕಡಿಮೆ ಬೀಳಬೇಕು. ಗಾಡಿಯಲ್ಲಿ 5 ವೋಲ್ಟ್ ಹತ್ತಿರ ಬೀಳುತ್ತದೆ. ಅಂದರೆ ಎಲ್‌ಇಡಿಯಲ್ಲಿ ಹರಿಯುವ ಕರೆಂಟು ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೊದಲ ದಿನ ನೋಡಿ ‘ಏನು ಬೆಳಕು!’ ಅನ್ನಿಸಿರುತ್ತದೆ. ಆ ಜಾಸ್ತಿ ಬೆಳಕೇ ಅದರ ಆಯುಸ್ಸು ತಿನ್ನುತ್ತಿತ್ತು. ಇದರ ಜೊತೆಗೆ ಬಿಸಿಲಲ್ಲಿ ನಿಂತ ತಗಡಿನ ಬಾಡಿಯ ಕಾವು ಬೇರೆ. ಮೂರರಲ್ಲಿ ಒಂದು ಸುಟ್ಟರೂ ಆ ಗುಂಪಿನ ಮೂರೂ ಆರುತ್ತವೆ.

ಹಾಗಾಗಿ ಕಂಪನಿ ಹೆಸರು ಆಮೇಲೆ ನೋಡಿ. ಮೊದಲು ಪ್ಯಾಕೆಟ್ ಮೇಲೆ ‘10–30 ವೋಲ್ಟ್ ಡಿಸಿ’ ಅಥವಾ ‘9–32 ವೋಲ್ಟ್ ಡಿಸಿ’ ಎಂದು ಬರೆದಿದೆಯಾ ನೋಡಿ. ಹಾಗೆ ಬರೆದ ಒಳ್ಳೆ ಲೈಟಿನ ಒಳಗೆ ಒಂದು ಡ್ರೈವರ್ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಏರಿದರೂ ಇಳಿದರೂ ಎಲ್‌ಇಡಿಗೆ ಹೋಗುವ ಕರೆಂಟನ್ನು ಅದು ಒಂದೇ ಮಟ್ಟದಲ್ಲಿ ಇಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿ ಸಾಲಿನಲ್ಲಿ ಬಸ್ಸು, ಲಾರಿಗೆ ಹಾಕುವ ರೂಫ್ ಲೈಟ್ ಎಂದು ಕೇಳಿ. ಸೀರಿಯಲ್ ಸೆಟ್ ಮಾರುವ ಅಂಗಡಿಯ ಸ್ಟ್ರಿಪ್ ಬೇಡ. ಈಗಿರುವ ಸ್ಟ್ರಿಪ್ಪನ್ನೇ ಉಳಿಸಿಕೊಳ್ಳಬೇಕೆಂದರೆ ಅದರ ಮುಂಚೆ, ಬರುವ ವೋಲ್ಟೇಜ್ ಏರಿದರೂ ಇಳಿದರೂ 12 ವೋಲ್ಟನ್ನೇ ಹೊರಕೊಡುವ ಒಂದು ಬಕ್-ಬೂಸ್ಟ್ ಕನ್ವರ್ಟರ್ ಹಾಕಿಸಿ. ಸ್ಟ್ರಿಪ್ಪನ್ನು ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿ, ಕಾವು ಅದಕ್ಕೆ ಹರಡುತ್ತದೆ.

ಎಷ್ಟು ಬೆಳಕು ಬೇಕು? ಸಾಮಾನು ತುಂಬಿ ಇಳಿಸಲು ನೂರು ಲಕ್ಸ್, ಅಂದರೆ ಚದರ ಮೀಟರಿಗೆ ನೂರು ಲ್ಯೂಮೆನ್ ಬೆಳಕು ಸಾಕು. ನಿಮ್ಮ ಬಾಡಿಯ ನೆಲ 60 ಚದರ ಅಡಿ, ಅಂದರೆ ಸುಮಾರು ಐದೂವರೆ ಚದರ ಮೀಟರ್. ಗೋಡೆ ಹೀರುವುದು, ಪಾತ್ರೆ ಮರೆಯಾಗುವುದು ಎಲ್ಲ ಸೇರಿಸಿ ಎರಡು ಪಟ್ಟು ಹಿಡಿದರೆ 1,100 ಲ್ಯೂಮೆನ್ ಆಯಿತು. ಈಗಿನ ಎಲ್‌ಇಡಿಗಳು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತವೆ. 12 ವ್ಯಾಟ್ ಸಾಕಾಯಿತು, ಅಲ್ವಾ? ಒಳಗೋಡೆಗೆ ಬಿಳಿ ಬಣ್ಣ ಹೊಡೆಸಿದರೆ ಇದೇ 12 ವ್ಯಾಟ್ ಇನ್ನೂ ಧಾರಾಳವಾಗಿ ಕಾಣುತ್ತದೆ. 50 ವ್ಯಾಟಿನ ಫ್ಲಡ್ ಲೈಟ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಣ್ಣು ಕುಕ್ಕುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಆ 12 ವ್ಯಾಟನ್ನು ಒಂದೇ ಲೈಟಿನಲ್ಲಿ ನಡುವೆ ಹಾಕಬೇಡಿ. ಒಳಗೆ ನಿಂತವನ ಬೆನ್ನೇ ಪಾತ್ರೆಗಳ ಮೇಲೆ ನೆರಳು ಬೀಳಿಸುತ್ತದೆ. 3 ವ್ಯಾಟಿನ ನಾಲ್ಕು ಲೈಟು ತಗೊಳ್ಳಿ. ಎರಡೂ ಪಕ್ಕದ ಗೋಡೆ ಸೂರು ಸೇರುವ ಮೂಲೆಯಲ್ಲಿ ಎರಡೆರಡು ಹಾಕಿಸಿ. ಒಂದು ಕಡೆ ಕೊಪ್ಪರಿಗೆ ಸೂರಿನವರೆಗೆ ಪೇರಿಸಿದರೂ ಎದುರಿನಿಂದ ಬೆಳಕು ಬರುತ್ತದೆ. ಬಣ್ಣ ಆರಿಸುವಾಗ ನೀಲಿ ಛಾಯೆಯ 6500 ಕೆಲ್ವಿನ್ ಬೇಡ, ಹಳದಿ ಕಡೆಗಿನ 3000 ಕೆಲ್ವಿನ್ ತಗೊಳ್ಳಿ. ರಾತ್ರಿ ಬಾಗಿಲು ತೆರೆದಿಟ್ಟು ಕೆಲಸ ಮಾಡುವವರು ನೀವು. ಹಳದಿ ಬೆಳಕಿಗೆ ಹುಳ ಕಡಿಮೆ ಬರುತ್ತವೆ. ಉಳಿದ ಸಾರು, ಪಲ್ಯ ಗಾಡಿಯೊಳಗೇ ಇರುತ್ತದಲ್ಲ, ಅದಕ್ಕೇ ಹೇಳಿದೆ.

ವೈರಿಂಗ್ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೆಂಕಿ ಹೊತ್ತುವುದು ಇಲ್ಲಿಂದ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ ಒಂದು ಅಡಿಯೊಳಗೇ ಫ್ಯೂಸ್ ಇರಬೇಕು. ಲೈಟಿನ ಹತ್ತಿರ ಹಾಕಿ ಪ್ರಯೋಜನವಿಲ್ಲ. ಫ್ಯೂಸ್ ಕಾಯುವುದು ವೈರನ್ನು, ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ. ನಿಮಗೆ ಹರಿಯುವುದು ಒಂದು ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ಕರೆಂಟಿನ ಲೆಕ್ಕಕ್ಕೆ ತೆಳು ವೈರೂ ನಡೆಯುತ್ತದೆ. ಆದರೆ ಕುಲುಕಾಟ ತಡೆಯಬೇಕಲ್ಲ, 1.5 ಚದರ ಮಿಲಿಮೀಟರಿನ ಎಳೆ ಎಳೆ ತಾಮ್ರದ ವೈರ್ ಹಾಕಿಸಿ. ತಗಡಿಗೆ ತೂತು ಕೊರೆದ ಕಡೆಯೆಲ್ಲ ರಬ್ಬರ್ ಗ್ರೋಮೆಟ್ ಕೂರಿಸಲೇಬೇಕು. ಅದಿಲ್ಲದಿದ್ದರೆ ತಗಡಿನ ಅಂಚು ದಿನಾ ಕುಲುಕಿ ಕುಲುಕಿ ಇನ್ಸುಲೇಶನ್ ಕೊಯ್ಯುತ್ತದೆ. ವೈರ್ ತಿರುಚಿ ಟೇಪ್ ಸುತ್ತುವ ಜಾಯಿಂಟ್ ಒಪ್ಪಬೇಡಿ. ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಒತ್ತಿ, ಮೇಲೆ ಕಾಯಿಸಿದರೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಮೈನಸ್ಸಿಗೆ ‘ಬಾಡಿ ಅರ್ಥ್ ಸಾಕು ಸಾರ್’ ಎನ್ನುತ್ತಾರೆ, ಅಂದರೆ ವೈರಿನ ಬದಲು ಗಾಡಿಯ ಲೋಹಕ್ಕೇ ಸಿಕ್ಕಿಸುವುದು. ತುಕ್ಕು ಹಿಡಿದ ಬೋಲ್ಟನ್ನು ನಂಬುವ ಬದಲು ಇನ್ನೊಂದು ವೈರನ್ನೇ ಬ್ಯಾಟರಿಯವರೆಗೆ ಎಳೆಸಿ. ಕೆಳಗೆ ಚಾಸಿ ಉದ್ದಕ್ಕೂ ಪೈಪಿನೊಳಗೆ ಹೋಗಲಿ. ಸೈಲೆನ್ಸರ್ ಮತ್ತು ಪ್ರೊಪೆಲ್ಲರ್ ಶಾಫ್ಟಿನಿಂದ ದೂರ ಇರಲಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಅದೇ ಬಾಡಿಯಲ್ಲಿ ಸಿಲಿಂಡರ್ ಇರುತ್ತದೆ ಎಂದಿರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಮಾಮೂಲಿ ಸ್ವಿಚ್ ಒತ್ತಿದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಆದ್ದರಿಂದ ಬಾಗಿಲು ತೆರೆದರೆ ತಾನಾಗಿ ಹೊತ್ತುವ ಡೋರ್ ಸ್ವಿಚ್ ನಿಮಗೆ ಬೇಡವೇ ಬೇಡ. ಸ್ವಿಚ್ ಚಾಲಕನ ಕ್ಯಾಬಿನ್ನಿನಲ್ಲಿರಲಿ. ಬಾಡಿಯ ತಳದಲ್ಲಿ ಎರಡು ಕಡೆ ಜಾಲರಿ ಕಿಂಡಿ ಇರಲಿ. ಬಾಗಿಲು ಪೂರ್ತಿ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಲೈಟ್ ಹಾಕಿ. ಸಿಲಿಂಡರನ್ನು ಬೇರೆ ತೆರೆದ ಗಾಡಿಯಲ್ಲಿ ಕಳಿಸಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ.

ಪ್ರಶ್ನೆ: ನಾನಿರುವುದು ಶಿಕಾಗೋ ಹತ್ತಿರ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಿಗೆ ಸ್ಟೇಜ್ ಸಾಮಾನು, ಸ್ಪೀಕರ್ ಸಾಗಿಸಲು 7×14 ಅಡಿಯ, ಎರಡು ಆಕ್ಸಲ್‌ನ ಮುಚ್ಚಿದ ಟ್ರೇಲರ್ ತೆಗೆದುಕೊಂಡಿದ್ದೇವೆ. ಗಾಡಿಯಿಂದ ಬಿಚ್ಚಿಟ್ಟಾಗಲೂ ಒಳಗೆ ಲೈಟ್ ಬೇಕು. ಟ್ರೇಲರಿನ ಮೂತಿಯಲ್ಲಿ ಈಗಾಗಲೇ ಒಂದು ಚಿಕ್ಕ 12 ವೋಲ್ಟ್ ಬ್ಯಾಟರಿ ಇದೆ. ಅದರಿಂದಲೇ ತೆಗೆದುಕೊಳ್ಳಬಹುದಾ?

ಉತ್ತರ: ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ಬ್ರೇಕಿನ ಬ್ಯಾಟರಿ. ಓಡುವಾಗ ಟ್ರೇಲರ್ ಏನಾದರೂ ಗಾಡಿಯಿಂದ ಕಳಚಿಕೊಂಡರೆ ಒಂದು ಕೇಬಲ್ ಎಳೆದು ಪಿನ್ ಕಿತ್ತುಬರುತ್ತದೆ. ಆಗ ಈ ಬ್ಯಾಟರಿಯೇ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕ್ ಹಿಡಿಸಬೇಕು. ಲೈಟ್ ಉರಿಸಿ ಅದನ್ನು ಖಾಲಿ ಮಾಡಿಟ್ಟರೆ ಹಿಂದೆ ಬರುವವರ ಪ್ರಾಣದ ಪ್ರಶ್ನೆ.

ಏಳು ಪಿನ್ನಿನ ಕನೆಕ್ಟರಿನಲ್ಲಿ ಒಂದು ಪಿನ್ 12 ವೋಲ್ಟ್ ಸಪ್ಲೈಗೆಂದೇ ಇರುತ್ತದೆ. ನಾಲ್ಕು ಪಿನ್ನಿನದರಲ್ಲಿ ಅದು ಇಲ್ಲ. ಕೆಲವು ಗಾಡಿಗಳಲ್ಲಿ ಫ್ಯೂಸ್ ಅಥವಾ ರಿಲೇ ಹಾಕುವವರೆಗೆ ಆ ಪಿನ್ನಿಗೆ ಕರೆಂಟೇ ಬರುವುದಿಲ್ಲ. ವೈರಿನ ಬಣ್ಣ ನಂಬಬೇಡಿ. ಟ್ರೇಲರಿನವರು ಒಂದು ಕ್ರಮ ಬಳಸಿದರೆ ಆರ್‌ವಿಯವರು (ಒಳಗೇ ವಾಸಿಸುವ ಪ್ರವಾಸದ ಗಾಡಿ ಮಾಡುವವರು) ಇನ್ನೊಂದು ಬಳಸುತ್ತಾರೆ. ಮೀಟರ್ ಹಿಡಿದೇ ನೋಡಿ. ಟೇಲ್ ಲೈಟಿನ ವೈರಿಗೆ ಒಳಗಿನ ಲೈಟ್ ಸಿಕ್ಕಿಸುವುದಂತೂ ಬೇಡ.

ಬಿಚ್ಚಿಟ್ಟಾಗಲೂ ಬೇಕು ಎಂದರೆ ಟ್ರೇಲರಿಗೇ ಅಂತ ಬೇರೆ ಬ್ಯಾಟರಿ ಇರಬೇಕು. 7×14ಕ್ಕೆ 20 ವ್ಯಾಟ್ ಬೆಳಕು ಸಾಕು. 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದನ್ನು ಸುಮಾರು 12 ಗಂಟೆ ಉರಿಸುತ್ತದೆ. ಆದರೆ ನಿಮ್ಮೂರಿನ ಚಳಿ ಮರೆಯಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯಿಂದ ಕರೆಂಟ್ ತೆಗೆಯಬಹುದು, ಆದರೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಬ್ಯಾಟರಿ ಹಾಳಾಗುತ್ತದೆ. ಚಳಿಯಲ್ಲಿ ಚಾರ್ಜಿಂಗ್ ತಾನಾಗಿ ನಿಲ್ಲಿಸುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಇಲ್ಲವೇ ಕಳಚಿ ಮನೆಯೊಳಗೆ ತಂದು ಚಾರ್ಜ್ ಮಾಡಿ, ನನಗೆ ಅದೇ ಸುಲಭ ಅನ್ನಿಸುತ್ತದೆ. ಎಲ್‌ಇಡಿಗೆ ಚಳಿಯಿಂದ ತೊಂದರೆಯಿಲ್ಲ.

ಲೈಟ್ ಕೂರಿಸುವಾಗ ಸೂರಿನ ತಗಡಿಗೆ ಸ್ಕ್ರೂ ಹೊಡೆಯಬೇಡಿ. ಅಡ್ಡಕ್ಕೆ ಹಾಕಿರುವ ಕಮಾನು ಪಟ್ಟಿಗೇ ಹೊಡೆಯಿರಿ, ಅದೂ ಚಿಕ್ಕ ಸ್ಕ್ರೂ. ಉದ್ದದ್ದು ಹಾಕಿದರೆ ಸೂರು ತೂತಾಗಿ, ಮೇಲಿನ ಹಿಮ ಕರಗಿದಾಗ ನೀರು ನಿಮ್ಮ ಸ್ಪೀಕರ್ ಮೇಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಕೋಲಾರದಿಂದ ತರಕಾರಿ ಸಾಗಿಸುವ ಪಫ್ ಬಾಡಿ (ತಂಪು ಉಳಿಯಲು ಗೋಡೆಯೊಳಗೆ ಫೋಮ್ ತುಂಬಿದ) ಲಾರಿ ನಮ್ಮದು. ಎರಡು ಬ್ಯಾಟರಿ ಸೇರಿ 24 ವೋಲ್ಟ್. ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದು ಲೈಟ್ ಹಾಕಬಹುದು ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಸರಿಯಾ?

ಉತ್ತರ: ಲೈಟ್ ಹೊತ್ತುತ್ತದೆ, ಬ್ಯಾಟರಿ ಕೆಡುತ್ತದೆ. ಕರೆಂಟ್ ಕೊಟ್ಟ ಬ್ಯಾಟರಿ ಒಂದು ಹಂತ ಕೆಳಗೇ ಉಳಿಯುತ್ತದೆ, ಇನ್ನೊಂದು ತುಂಬಿರುತ್ತದೆ. ಆಲ್ಟರ್ನೇಟರಿಗೆ ಕಾಣುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಹಾಗಾಗಿ ಇಳಿದದ್ದು ಪೂರ್ತಿ ಚಾರ್ಜ್ ಆಗುವುದೇ ಇಲ್ಲ, ತುಂಬಿದ್ದು ಮಿತಿಮೀರಿ ಚಾರ್ಜ್ ಆಗಿ ಒಣಗುತ್ತದೆ. ಕೊನೆಗೆ ಎರಡನ್ನೂ ಬದಲಿಸಬೇಕು. ಮೇಲೆ ಹೇಳಿದ 10–30 ವೋಲ್ಟ್ ಲೈಟು ನಿಮಗೂ ಆಗುತ್ತದೆ. ಓಡುವಾಗ ನಿಮ್ಮ ಲಾರಿಯಲ್ಲಿ 28 ವೋಲ್ಟ್ ದಾಟಬಹುದು, ಆದ್ದರಿಂದ 9–32 ಬರೆದದ್ದೇ ಸಿಕ್ಕರೆ ಇನ್ನೂ ನಿಶ್ಚಿಂತೆ.

ಪಫ್ ಬಾಡಿಯ ಗೋಡೆಯೊಳಗೆ ವೈರ್ ತೂರಿಸಬೇಡಿ, ಮೇಲ್ಮೈಯಲ್ಲೇ ಪಟ್ಟಿ ಹಾಕಿ ಎಳೆಸಿ. ವೈರ್ ಒಳಬರಲು ಒಂದೇ ತೂತು ಸಾಕು, ಅದನ್ನು ಎರಡೂ ಕಡೆಯಿಂದ ಸಿಲಿಕೋನ್ ತುಂಬಿ ಮುಚ್ಚಿಸಿ. ಇಲ್ಲದಿದ್ದರೆ ತೇವ ಪಫ್ ಒಳಗೆ ಇಳಿದು, ಅಷ್ಟು ಜಾಗ ತಂಪು ಹಿಡಿಯುವುದಿಲ್ಲ. ನೀರು ಹಾಯಿಸಿ ತೊಳೆಯುವ ಬಾಡಿ ಆದ್ದರಿಂದ ಲೈಟ್ ಐಪಿ 67, ಅಂದರೆ ಧೂಳು, ನೀರು ಒಳನುಗ್ಗದ ದರ್ಜೆಯದ್ದು ಇರಲಿ. ಒಳಗಿದ್ದಾಗ ಯಾರಾದರೂ ಬಾಗಿಲು ಎಳೆದುಬಿಟ್ಟರೆ ಕತ್ತಲಲ್ಲಿ ಒಳಗಿನ ಹಿಡಿ ಹುಡುಕುವುದು ಕಷ್ಟ. ಅದಕ್ಕೇ ಬಾಗಿಲ ಪಕ್ಕ ಒಳಗಡೆಯೂ ಒಂದು ನೀರು ನುಗ್ಗದ ಸ್ವಿಚ್ ಹಾಕಿಸಿ.