ಓದುಗರ ಪ್ರಶ್ನೆ: ಹಳೆಯ ಬಾಕ್ಸಿಂಗ್ ಚಿತ್ರ ಯಾವುದು ನೋಡಲಿ?

ಪ್ರಶ್ನೆ: ಹಳೆಯ ಅಮೆರಿಕನ್ ಕ್ರೈಮ್ ಚಿತ್ರಗಳಲ್ಲಿ ಬಾಕ್ಸಿಂಗ್ ಕುರಿತ, ಕಡಿಮೆ ಖರ್ಚಿನ ಒಂದನ್ನು ಹೇಳಿ. ಕಪ್ಪು-ಬಿಳುಪು ಚಿತ್ರ ನನಗೆ ಬೇಗ ಬೇಸರ ತರಿಸುತ್ತದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ದಿ ಸೆಟ್-ಅಪ್’ ನೋಡಿ. 1949ರ ಚಿತ್ರ, ರಾಬರ್ಟ್ ವೈಸ್ ನಿರ್ದೇಶನ. ಇದೂ ಕಪ್ಪು-ಬಿಳುಪೇ, ಆದರೆ ಬರೀ 72 ನಿಮಿಷ, ಬೇಸರಕ್ಕೆ ಹೊತ್ತಿಲ್ಲ. ಕಥೆಯೂ ಅಷ್ಟೇ ಹೊತ್ತಿನದು. ಬೀದಿ ಗಡಿಯಾರ 9:05 ತೋರಿಸುವಾಗ ಶುರುವಾಗುತ್ತದೆ. ಹೋಟೆಲ್ ಕೋಣೆ, ಡ್ರೆಸ್ಸಿಂಗ್ ರೂಮು, ರಿಂಗ್, ಹಿಂದಿನ ಓಣಿ. ಹೆಚ್ಚು ಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ.

ಕಥಾನಾಯಕ ಸ್ಟೋಕರ್ ಥಾಂಪ್ಸನ್‌ಗೆ 35 ವರ್ಷ. ಬಾಕ್ಸರ್ ಲೆಕ್ಕದಲ್ಲಿ ಮುದುಕ. ಅವನು ಸೋಲುತ್ತಾನೆಂದು ಒಪ್ಪಿ ಮ್ಯಾನೇಜರ್ ಟೈನಿ 50 ಡಾಲರ್ ತಗೊಂಡಿದ್ದಾನೆ. ಆದರೆ ಸ್ಟೋಕರ್‌ಗೆ ಹೇಳೇ ಇಲ್ಲ. ಹೇಗೂ ಸೋಲುತ್ತಾನೆ, ಹೇಳಿ ಪಾಲು ಯಾಕೆ ಕೊಡಬೇಕು ಅಂತ! ಎದುರಾಳಿಯ ಗುದ್ದಿಗಿಂತ ಈ ಅವಮಾನವೇ ದೊಡ್ಡದು ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ. ಹಣ ಕೊಟ್ಟವನು ಗ್ಯಾಂಗ್‌ಸ್ಟರ್. ಆದರೂ ಕಥೆಯ ಕ್ರೌರ್ಯ ಅವನೊಬ್ಬನದಲ್ಲ.

ನೀವು ಪ್ರೇಕ್ಷಕರನ್ನು ಗಮನಿಸಿ. ಒಬ್ಬ ದಪ್ಪನೆಯವನು ಒಂದೇ ಸಮನೆ ತಿನ್ನುತ್ತಾನೆ. ಇನ್ನೊಬ್ಬನ ಕೈಯಲ್ಲಿ ರೇಡಿಯೋ. ಕಣ್ಣು ಕಾಣದವನೊಬ್ಬ ಪಕ್ಕದವನ ಬಾಯಲ್ಲಿ ಪೆಟ್ಟಿನ ವಿವರ ಕೇಳಿ ಹುರುಪಾಗುತ್ತಾನೆ. ಹಿನ್ನೆಲೆ ಸಂಗೀತ ಅಂತ ಪ್ರತ್ಯೇಕವಾಗಿ ಇಲ್ಲವೆಂದೇ ಹೇಳಬಹುದು. ಈ ಜನರ ಕೂಗೇ ಎಲ್ಲವನ್ನೂ ತುಂಬುತ್ತದೆ. ವೈಸ್ ಮೊದಲು ಸಂಕಲನಕಾರರು, ‘ಸಿಟಿಜನ್ ಕೇನ್’ ಕೂಡ ಅವರು ಎಡಿಟ್ ಮಾಡಿದ್ದು. ಗುದ್ದು, ಮುಖ, ಗುದ್ದು, ಮುಖ. ಆ ಕತ್ತರಿಯ ಲಯದಲ್ಲಿ ನಾವೂ ಆ ಗುಂಪಿನಲ್ಲಿ ಒಬ್ಬರಾಗಿಬಿಡುತ್ತೇವೆ, ಅಲ್ವಾ?

ಡ್ರೆಸ್ಸಿಂಗ್ ರೂಮಿನ ದೃಶ್ಯಗಳನ್ನು ದಯವಿಟ್ಟು ಓಡಿಸಬೇಡಿ. ಗನ್‌ಬೋಟ್ ಜಾನ್ಸನ್ ಎಂಬ ಬಾಕ್ಸರ್ ಅಲ್ಲಿಂದ ಹೋಗುವುದೊಂದು ರೀತಿ, ಪೆಟ್ಟು ತಿಂದು ಮರಳುವುದೇ ಇನ್ನೊಂದು ರೀತಿ. ತನ್ನ ಹೆಸರೇ ಅವನಿಗೆ ನೆನಪಿರುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

ಸ್ಟೋಕರ್ ಪಾತ್ರ ಮಾಡಿದ ರಾಬರ್ಟ್ ರಯಾನ್ ಡಾರ್ಟ್‌ಮತ್ ಕಾಲೇಜಿನಲ್ಲಿ ಬಾಕ್ಸಿಂಗ್ ಚಾಂಪಿಯನ್ ಆಗಿದ್ದರು. ಅದಕ್ಕೇ ಅವರ ಕಾಲು, ಭುಜ ಸುಳ್ಳು ಹೇಳುವುದಿಲ್ಲ.

ಒಂದು ಬೇಜಾರು ಹೇಳಲೇಬೇಕು. ಚಿತ್ರಕ್ಕೆ ಮೂಲ ಜೋಸೆಫ್ ಮಾನ್ಕ್ಯೂರ್ ಮಾರ್ಚ್ ಅವರ 1928ರ ಕಥನಕವನ. ಅದರಲ್ಲಿ ನಾಯಕ ಕಪ್ಪು ವರ್ಣೀಯ. ಸಿನಿಮಾದಲ್ಲಿ ಬಿಳಿಯನಾದ. ರಯಾನ್ ಎಷ್ಟೇ ಚೆನ್ನಾಗಿ ಮಾಡಿದ್ದರೂ ಅದು ಆಗಬಾರದಿತ್ತು. ಕಪ್ಪು ನಟ ಜೇಮ್ಸ್ ಎಡ್ವರ್ಡ್ಸ್‌ಗೆ ಇಲ್ಲಿ ಸಿಕ್ಕಿದ್ದು ಲೂಥರ್ ಹಾಕಿನ್ಸ್ ಎಂಬ ಸಣ್ಣ ಪಾತ್ರ. ಅದೇ ವರ್ಷ ಬಂದ ‘ಹೋಮ್ ಆಫ್ ದಿ ಬ್ರೇವ್’ ಚಿತ್ರದಲ್ಲಿ ಅವರದೇ ಮುಖ್ಯ ಪಾತ್ರ. ಅದನ್ನೂ ಹುಡುಕಿ ನೋಡಿ.