‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಸಾಕ್ಷ್ಯವೆಲ್ಲ ಪರವಾಗಿದ್ದರೂ ಟಾಮ್ ರಾಬಿನ್ಸನ್‌ಗೆ ಶಿಕ್ಷೆಯಾದದ್ದೇಕೆ?

ಸಾಕ್ಷ್ಯದ ಕೊರತೆಯಿಂದಂತೂ ಅಲ್ಲ. ಹಾರ್ಪರ್ ಲೀಯವರ ಈ ಕಾದಂಬರಿ (1960) ನಡೆಯುವುದು 1930ರ ದಶಕದ ಅಲಬಾಮಾದಲ್ಲಿ. ಕಪ್ಪು ಮನುಷ್ಯ ಟಾಮ್ ಮೇಲೆ ಅತ್ಯಾಚಾರದ ದೂರು ಕೊಟ್ಟ ಬಿಳಿಯ ಹೆಣ್ಣು ಮಯೆಲ್ಲಾಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಎದುರು ನಿಂತು ಹೊಡೆದವನು ಎಡಚನೇ ಇರಬೇಕು. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಂತಾಗಿದೆ, ಬಲಗೈಗಿಂತ ಒಂದಡಿ ಗಿಡ್ಡ. ಟಾಮ್‌ನ ವಕೀಲ ಆಟಿಕಸ್ ಮಯೆಲ್ಲಾಳ ಅಪ್ಪನಿಂದ ಲಕೋಟೆಯ ಮೇಲೆ ಹೆಸರು ಬರೆಸುತ್ತಾನೆ. ಅವನು ಬರೆಯುವುದು ಎಡಗೈಯಲ್ಲಿ! ಅವಳನ್ನು ಪರೀಕ್ಷಿಸಲು ವೈದ್ಯರನ್ನಂತೂ ಯಾರೂ ಕರೆಸಿಯೇ ಇರಲಿಲ್ಲ.

ಟಾಮ್‌ಗೆ ಮುಳುವಾದದ್ದು ಪಾಟೀಸವಾಲಿನ ಒಂದು ಮಾತು. ಕೂಲಿಯಿಲ್ಲದೆ ಅವಳಿಗೇಕೆ ಕೆಲಸ ಮಾಡಿಕೊಟ್ಟೆ ಎಂದು ಸರ್ಕಾರಿ ವಕೀಲ ಕೆಣಕಿದಾಗ, ಪಾಪ ಅನಿಸಿತು ಎಂದುಬಿಡುತ್ತಾನೆ. ಕಪ್ಪು ಮನುಷ್ಯ ಬಿಳಿಯ ಹೆಣ್ಣಿಗೆ ಮರುಗುವುದೇ? ಆ ಊರಿನ ಕಣ್ಣಿಗೆ ಆರೋಪಕ್ಕಿಂತ ಅದೇ ದೊಡ್ಡ ಅಪರಾಧ.

ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಅಂದರೆ ಜ್ಯೂರಿಯಲ್ಲಿದ್ದವರೆಲ್ಲ ಬಿಳಿಯ ಗಂಡಸರು. ಇದು ಬರೀ ಕಲ್ಪನೆಯಲ್ಲ: ಅಲಬಾಮಾದಲ್ಲಿ ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಡುತ್ತಿದ್ದುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲಿ, ಕಪ್ಪು ಹುಡುಗರ ಮೇಲೆ ಬಿಳಿಯ ಹೆಂಗಸರ ಅತ್ಯಾಚಾರದ ಆರೋಪ ಹೊರಿಸಿದ್ದ ಸ್ಕಾಟ್ಸ್‌ಬರೊ ಪ್ರಕರಣದಲ್ಲಿ, ಹೇಳಬೇಕಾಯಿತು. ಹೆಂಗಸರಿಗೆ ಅಲ್ಲಿ ಜ್ಯೂರಿಯ ಬಾಗಿಲು 1966ರವರೆಗೂ ತೆರೆಯಲಿಲ್ಲ. ಕಾದಂಬರಿಯಲ್ಲಿ ಕನಿಂಗ್‌ಹ್ಯಾಮ್ ಮನೆತನದ ಒಬ್ಬ ಜ್ಯೂರಿ ಸದಸ್ಯ ಖುಲಾಸೆಗೆ ಪಟ್ಟು ಹಿಡಿದ ಕಾರಣಕ್ಕೇ, ನಿಮಿಷಗಳಲ್ಲಿ ಮುಗಿಯಬಹುದಾಗಿದ್ದ ತೀರ್ಪು ಗಂಟೆಗಟ್ಟಲೆ ಎಳೆಯಿತು. ಆಟಿಕಸ್ ಮೇಲ್ಮನವಿಯನ್ನು ನಂಬಿದ್ದ. ಟಾಮ್ ಅಷ್ಟು ಕಾಯಲಿಲ್ಲ, ಜೈಲಿನಿಂದ ಓಡಲು ಹೋಗಿ ಗುಂಡೇಟಿಗೆ ಸತ್ತ.